ಅಳಿಯನ ಕಣ್ಣು ತಪ್ಪಿಸಿದ ಮಂಡಿ

ನರಸಿಂಹರಾಜಪುರ
12 ನವೆಂಬರ್ 2024, ಮಂಗಳವಾರ

ನಿಮ್ಮಪ್ಪ ಪೇಟೆಗೆ ಹೋಗಿದ್ದಾರೆ. ಬಲ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು, ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ಪ್ರೀತಿಯ ಭವ್ಯಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ ತರಕಾರಿ ಹೆಚ್ಚುತ್ತೀಯೆ, ಹಿಂದಿನಿಂದ ಯಶವಂತರು ಅತ್ತೆ ಆರಾಮಾ ಅನ್ನುತ್ತಾರೆ. ಅವರ ಕಿವಿಗೆ ಈಗಲೇ ಬೀಳಬಾರದ ವಿಷಯವಿದು. ಕಾಗದವಾದರೆ ನೀನೊಬ್ಬಳೇ ಓದುತ್ತೀಯೆ.

ಬಾಣಂತನ ಕೊಪ್ಪದಲ್ಲೇ ಆಗಲಿ, ನಾನೇ ಬರುತ್ತೇನೆ ಎಂದು ಮಾತಾಗಿತ್ತಲ್ಲ. ಮೊನ್ನೆ ನೀನು ಮೆಲ್ಲಗೆ, ಮಗುವಿಗೆ ನೀರು ಹಾಕಲು ಇಲ್ಲೇ ಒಬ್ಬ ಹೆಂಗಸನ್ನು ಗೊತ್ತು ಮಾಡಲಾ ಅಮ್ಮಾ ಎಂದೆ. ನಾನು ಬೇಡವೇ ಬೇಡ ಎಂದು ಫೋನಿಟ್ಟೆ. ದೀಪಾವಳಿಗೆ ಬಂದಾಗ, ಮಣೆಯಿಂದ ಏಳಲು ನಾನು ಗೋಡೆ ಹಿಡಿದದ್ದನ್ನು ನೀನು ನೋಡಿರಬೇಕು. ಹೌದು, ಮಂಡಿ ನೋವು. ಒಂದು ವರ್ಷದಿಂದ ಇದೆ.

ನೀರು ಹಾಕುವುದೆಂದರೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ನಿನ್ನನ್ನೂ ನಿನ್ನ ತಮ್ಮ ಮೋಹಿತನನ್ನೂ ನನ್ನಮ್ಮ ಹಾಗೆಯೇ ಮೀಯಿಸಿದ್ದು. ಮೊದಲ ಮೊಮ್ಮಗುವಿಗೆ ಬೇರೆ ಯಾರೋ ನೀರು ಹಾಕುವಾಗ ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುವುದು ನನ್ನಿಂದಾಗದು.

ಮನೆಯಲ್ಲೇ ಫಿಸಿಯೋಥೆರಪಿ ಡಾಕ್ಟ್ರನ್ನ ಇಟ್ಕೊಂಡು ಯಾಕೆ ಕುಂಟ್ತೀಯೆ ಮಾರಾಯ್ತಿ ಎಂದು ಪಕ್ಕದ ಮನೆಯ ವೆಂಕಮ್ಮ ಕೇಳದ ದಿನವಿಲ್ಲ. ಅಳಿಯ ಒಳಗೆ ಬಂದರೆ ಕುರ್ಚಿಯಿಂದ ಏಳುವವಳು ನಾನು. ಅವರೆದುರು ಸೀರೆಯನ್ನು ಮಂಡಿಯವರೆಗೆ ಎತ್ತಿ, ಕಾಲನ್ನು ಅವರ ಕೈಗೆ ಕೊಡುವುದು ಹೇಗೆ? ಆದ್ದರಿಂದ ಶೃಂಗೇರಿಗೆ ಹೋಗತೊಡಗಿದೆ. ಅಲ್ಲಿ ರುಬೀನಾ ಎಂಬ ಹುಡುಗಿ ಕ್ಲಿನಿಕ್ ತೆರೆದಿದ್ದಾಳೆ. ನಿಮ್ಮಪ್ಪನಿಗೆ ದೇವಸ್ಥಾನಕ್ಕೆ ಎಂದಿದ್ದೆ. ಅವರು ಸಂತೋಷಪಟ್ಟು ಪ್ರತಿ ಸಲವೂ ಪ್ರಸಾದ ಕೇಳುತ್ತಾರೆ. ಹಾಗಾಗಿ ಶಾರದಮ್ಮನ ದರ್ಶನವೂ ಬಿಡದೆ ಆಗುತ್ತಿದೆ. ಬಸ್ಸು ಕೊಪ್ಪದಲ್ಲಿ ಯಶವಂತರ ಕ್ಲಿನಿಕ್ಕಿನ ಎದುರೇ ಹಾದುಹೋಗುತ್ತದೆ. ಆಗೆಲ್ಲ ಚಪ್ಪಲಿ ಹುಡುಕುವವಳ ಹಾಗೆ ಸೀಟಿನ ಕೆಳಗೆ ಬಗ್ಗುತ್ತೇನೆ. ಮಂಡಿಗೆ ಅದಕ್ಕಿಂತ ಕೆಟ್ಟ ವ್ಯಾಯಾಮವಿಲ್ಲ.

ರುಬೀನಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆತ ಸ್ವಲ್ಪ ಇದೆ ಅಮ್ಮಾ, ಆದರೆ ನೀವು ಬೈತಾ ಇರೋದು ಮಂಡಿನ, ಕಳ್ಳಬಿದ್ದಿರೋದು ತೊಡೆ ಎಂದಳು. ತೊಡೆಯ ಸ್ನಾಯು ಹೊರಬೇಕಾದ ಭಾರವನ್ನು ಮಂಡಿ ಹೊರುತ್ತಿದೆಯಂತೆ. ನೋವೆಂದು ನಾನು ನಡೆಯುವುದನ್ನು ಬಿಟ್ಟು ಎಣ್ಣೆ ಹಚ್ಚಿಕೊಂಡು ಕೂತೆನಲ್ಲ, ಅದರಿಂದ ತೊಡೆ ಇನ್ನಷ್ಟು ಸೋತಿತು. ಈಗ ಟವೆಲ್ ಸುರುಳಿಯನ್ನು ಮಂಡಿಯಿಂದ ಒತ್ತಿ ಹಿಡಿಯುತ್ತೇನೆ. ಒಂದು ಕಾಲು ಮಡಿಸಿ ಇನ್ನೊಂದನ್ನು ನೇರವಾಗಿ ಎತ್ತುತ್ತೇನೆ. ಕೈ ಊರದೆ ಕುರ್ಚಿಯಿಂದ ಏಳುತ್ತೇನೆ. ಮೊದಲ ವಾರ ರುಬೀನಾಳಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಮೂರನೆಯ ವಾರ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿಯುವುದು ಮರೆತುಹೋಗಿತ್ತು. ಅದು ತಿಳಿದದ್ದು ಕೆಳಗಿಳಿದ ಮೇಲೆ.

ನನಗೆ ಬೇಕಿರುವುದೇನೆಂದು ಹೇಳಿದಾಗ ಅವಳು ನಗಲಿಲ್ಲ. ಒಂದು ಸಿಹಿಗುಂಬಳಕಾಯಿ ತನ್ನಿ ಎಂದಳು. ಅದನ್ನು ಬಟ್ಟೆಯಲ್ಲಿ ಸುತ್ತಿ, ಚಾಪೆಯ ಮೇಲೆ ಕಾಲು ನೀಡಿ ಕೂತು, ಮಲಗಿಸಿಕೊಂಡು ಅಭ್ಯಾಸ ಮಾಡಿದೆ. ಸಾಬೂನು ಹಚ್ಚುವವಳ ಹಾಗೆ ಸವರುತ್ತಾ ಕಣ್ಣಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿದೆನಂತೆ. ಆಗ ಮಾತ್ರ ಅವಳು ಬಿದ್ದು ಬಿದ್ದು ನಕ್ಕಳು.

ಕಳೆದ ಗುರುವಾರ ಮಲಗಿ ಕಾಲೆತ್ತಿದ್ದೆ. ಬಾಗಿಲಲ್ಲಿ ಪರಿಚಿತ ಧ್ವನಿ. ಬಾರೋ ಮಾರಾಯ, ಮಿಷನ್ ತಂದ್ಯಾ ಎಂದಳು ರುಬೀನಾ. ಒಳಗೆ ಬಂದವರು ಯಶವಂತರು. ಅಳಿಯ ಬಂದರಲ್ಲ, ಎದ್ದು ನಿಂತೆ. ಆ ತಗ್ಗಿನ ಮಂಚದಿಂದ, ಕೈ ಊರದೆ, ಒಂದೇ ಏಟಿಗೆ. ರುಬೀನಾ ಚಪ್ಪಾಳೆ ತಟ್ಟಿ, ನೋಡೋ ನನ್ನ ಪೇಷಂಟು ಎಂದಳು. ಯಶವಂತರು ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಬಹಳ ಚೆನ್ನಾಗಿ ಎದ್ದರು ಎಂದು ಹೇಳಿ, ನೋವಿಗೆ ಕರೆಂಟು ಕೊಡುವ ಆ ಮಿಷನ್ ಇಟ್ಟು ಹೊರಟುಹೋದರು. ಗುರುತೇ ಇಲ್ಲದವರ ಹಾಗೆ.

ಅವರು ಹೋದ ಮೇಲೆ ರುಬೀನಾ ಹೇಳಿದಳು: ನನ್ನ ಕ್ಲಾಸ್‌ಮೇಟು ಅಮ್ಮಾ, ಅವನ ಅತ್ತೆಗೂ ಮಂಡಿ ನೋವಂತೆ, ನಡಿಗೆ ನೋಡಿಯೇ ವರ್ಷದ ಹಿಂದೆ ಗೊತ್ತಾಯ್ತಂತೆ. ಕೇಳಿದರೆ ಅವರಿಗೆ ನಾಚಿಕೆ ಆಗ್ತದೆ ಅಂತ ಇವನು ಬಾಯಿ ಬಿಡೋದಿಲ್ಲ, ಎಂಥ ಮೊಂಡು ಅತ್ತೆಯೋ ಏನೋ. ಹೌದಮ್ಮಾ, ಕೆಲವರು ಹಾಗೇ ಎಂದೆ.

ಯಶವಂತರು ಇದನ್ನು ನಿನಗೂ ಹೇಳಿಲ್ಲ ಎಂದು ನಿನ್ನ ಮಾತಿನಿಂದಲೇ ತಿಳಿಯಿತು. ಅದಕ್ಕೇ ಈ ಕಾಗದ. ಆ ಹೆಂಗಸನ್ನು ಗೊತ್ತು ಮಾಡಬೇಡ. ಚಳಿಗಾಲದಲ್ಲಿ ಬೆಳಗ್ಗೆ ಈಗಲೂ ಮಂಡಿ ಸ್ವಲ್ಪ ಗೊಣಗುತ್ತದೆ. ಗೊಣಗಲಿ, ಕೆಲಸ ಮಾಡಿದರಾಯಿತು. ನೀನು ಚೆನ್ನಾಗಿ ಉಣ್ಣು, ಸಂಜೆ ಒಂದಿಷ್ಟು ನಡೆ.

ನಿನ್ನ ಮೊಂಡು ಅಮ್ಮ,
ಅನ್ನಪೂರ್ಣ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಕಾಲು ನೀಡಿ ಕೂರಬಲ್ಲೆ, ಬರಿಗೈಯಲ್ಲಿ ಏಳಬಲ್ಲೆ. ಒದ್ದೆ ನೆಲದಿಂದ ಮಗುವನ್ನು ಎತ್ತಿಕೊಂಡು ಏಳುವುದು ಮಾತ್ರ ಸದ್ಯಕ್ಕೆ ಬೇಡ ಎಂದಿದ್ದಾಳೆ ರುಬೀನಾ. ಮಗುವನ್ನು ಯಾರಾದರೂ ನನ್ನ ಕಾಲ ಮೇಲೆ ಇಟ್ಟು, ಮಿಂದ ಮೇಲೆ ಎತ್ತಿಕೊಳ್ಳಬೇಕು. ನೀನು ಬಾಣಂತಿ, ಬಗ್ಗುವಂತಿಲ್ಲ. ಎಳೆಮಗು ಮೀಯಿಸುವಾಗ ಗಂಡಸರು ಬಚ್ಚಲಿಗೆ ಬರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆದರೂ ಯಶವಂತರೇ ಬರಬೇಕೆಂದು ತೀರ್ಮಾನಿಸಿದ್ದೇನೆ. ಭಾನುವಾರ ಕೊಪ್ಪಕ್ಕೆ ಬಂದು ನಾನೇ ಕೇಳುತ್ತೇನೆ. ನೀನು ಮೊದಲೇ ಹೇಳಿಬಿಡಬೇಡ.