‘ಉಜ್ಜಮ್ಮೀ’ ಎನ್ನುವವರಿಲ್ಲದ ಆಟ

ನನ್ನ ದೊಡ್ಡ ಮಗಳೇ, ಹೇಮಾ,

ಮೊದಲಿಗೆ ತಪ್ಪೊಪ್ಪಿಗೆ. ಪಾಂಡವಪುರದ ಕಾಲೇಜಿನಲ್ಲಿ ಊರ ಮಕ್ಕಳಿಗೆಲ್ಲ ನೀತಿ ಹೇಳುವ ಮಹಾಶಯ, ಅಂದರೆ ನಿನ್ನಪ್ಪ, ಕಳ್ಳನಾಗಿದ್ದಾನೆ. ಕೈ ಹಾಕಿದ್ದಾದರೂ ಎಲ್ಲಿಗೆ ಅಂತೀಯ? ಕಾವೇರಿ ತಾಯಿಯ ಪಾಲಿಗೆ. ತೀರಿಕೊಂಡವರ ಸಾಮಾನು ಮನೆಯಲ್ಲಿ ಉಳಿಯಬಾರದೆಂದು ನಿಮ್ಮಜ್ಜಿ ನಿನ್ನ ಬಟ್ಟೆಬರೆಯನ್ನು ಗಂಟು ಕಟ್ಟಿಸಿ, ಅಸ್ಥಿಯ ಜೊತೆ ಶ್ರೀರಂಗಪಟ್ಟಣದ ಹೊಳೆಗೆ ಬಿಡಲು ಜಗುಲಿಯ ಮೇಲೆ ಇಡಿಸಿದ್ದಳು. ಗಂಟಿನಿಂದ ಇಣುಕುತ್ತಿದ್ದ ನಿನ್ನ ಆಟದ ಪೊರಕೆಯನ್ನು ಹಾಡಹಗಲೇ ಎಳೆದು ಬೀರುವಿನ ಹಿಂದೆ ಬಚ್ಚಿಟ್ಟೆ. ಕಣ್ಣು ಒದ್ದೆಯಾಗಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದ ನೀನು ನಡೆದು ವಾಪಸ್ಸು ಬರದ ದಿನದಿಂದ ನಾನು ಒಂದು ಹನಿ ಉದುರಿಸಿದವನಲ್ಲ. “ಮೇಷ್ಟ್ರು ಕಲ್ಲು ಕಣ್ಲಾ” ಅಂತ ನೆಂಟರೆಲ್ಲ ಮಾತಾಡಿಕೊಂಡರು. ಕಲ್ಲಾಟದ ಮಕ್ಕಳನ್ನು ಹೆತ್ತವನು ಇನ್ನೇನಾಗಬೇಕಿತ್ತು?

ಆ ಆಟದ ಸುದ್ದಿಯನ್ನು ನೀವು ಮನೆಗೆ ಹೊತ್ತು ತಂದ ಸಂಜೆ ನೆನಪಿದೆಯಾ? ಮೈಸೂರಿನಲ್ಲಿ ಗಾಲಿ ಕಟ್ಟಿಕೊಂಡು ಸ್ಕೇಟಿಂಗ್ ಕಲಿಯುತ್ತಿದ್ದ ಅಕ್ಕತಂಗಿ ಬಂದು, “ಅಪ್ಪ, ಕರ್ಲಿಂಗ್ ಟೀಮಿಗೆ ಸೇರ್ಕೊಂಡ್ವಿ” ಅಂದಿರಿ. “ಕೂದ್ಲು ಗುಂಗುರು ಮಾಡಿಸ್ಕೊಳ್ಳೋಕೂ ಟೀಮು ಬೇಕೇನ್ರೇ?” ಅಂದೆ. ನೀನು ಹಣೆ ಚಚ್ಚಿಕೊಂಡು ಬಿಡಿಸಿ ಹೇಳಿದೆ. ಹಿಡಿಯಿರುವ ದುಂಡುಕಲ್ಲನ್ನು ಒಬ್ಬಳು ಮಂಜುಗಡ್ಡೆಯ ಮೇಲೆ ಜಾರಿಬಿಡುತ್ತಾಳೆ. ಅದರ ಮುಂದೆ ಮುಂದೆ ಪೊರಕೆಯಿಂದ ಉಜ್ಜಿದರೆ ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ಯಾವಾಗ ಉಜ್ಜಬೇಕು, ಯಾವಾಗ ಬಿಡಬೇಕು ಎಂದು ಆ ತುದಿಯಲ್ಲಿ, ಗುರಿಯ ಬಳಿ ನಿಂತವಳು ಕೂಗುತ್ತಾಳೆ. ದೊಡ್ಡ ಪಂದ್ಯಗಳೆಲ್ಲ ನಡೆಯುವುದು ಕಾಶ್ಮೀರದಲ್ಲಂತೆ. ದೇವಲಾಪುರದಿಂದ ಬಂದಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡು, “ಅಂಗ್ಳ ಗುಡ್ಸಕ್ಕೆ ಕರುದ್ರೆ ಬೆನ್ನುನೋವು, ಮಂಜುಗಡ್ಡೆ ಗುಡ್ಸಕ್ಕೆ ಕಾಶ್ಮೀರುಕ್ಕೋಯ್ತವಂತೆ ಮುಂಡೇವು!” ಅಂದಿದ್ದಳು.

ಆಷಾಢ ಬಂತೆಂದರೆ ನಿಮಗೆ ಸುಗ್ಗಿ. ಮದುವೆಗಳಿಲ್ಲದೆ ಬಣಗುಟ್ಟುವ ಛತ್ರದ ನುಣುಪು ನೆಲವೇ ನಿಮ್ಮ ಕಾಶ್ಮೀರ. ಅಜ್ಜಿಯ ರುಬ್ಬುಗುಂಡಿನ ತಳಕ್ಕೆ ಕಂಬಳಿ ಕಟ್ಟಿದರೆ ಅದೇ ಕಲ್ಲು. ನಿನ್ನ ತಂಗಿ ಕುಸುಮ ಉಜ್ಜುತ್ತಾ ಓಡುವಳು, ನೀನು ಧಾರೆಮಂಟಪದ ಕಡೆ ನಿಂತು ಕೂಗುವೆ: “ಉಜ್ಜಮ್ಮೀ! ಉಜ್ಜೂ... ಬುಡು ಬುಡು, ಬುಟ್ಬುಡಮ್ಮೀ!” ದೊಡ್ಡ ಪಂದ್ಯಗಳಿಗೆ ಹೋದಾಗ, ಎಲ್ಲರಂತೆ ಇಂಗ್ಲಿಷಿನಲ್ಲಿ ಕೂಗು ಎಂದು ಕೋಚ್ ಹೇಳಿದ್ದಕ್ಕೆ, “ಇಂಗ್ಲಿಷ್ನಾಗೆ ಕೂಗುದ್ರೆ ಅವ್ಳ ಕೈ ಓಡಕಿಲ್ಲ ಸಾರ್” ಅಂದೆಯಂತೆ. ಅದು ಎಷ್ಟು ನಿಜವೆಂದು ಆಗ ಯಾರಿಗೆ ಗೊತ್ತಿತ್ತು...

ನೀನು ಹೋದ ಮೇಲೆ ಕುಸುಮ ಬೂಟುಗಳನ್ನು ಅಟ್ಟಕ್ಕೆ ಎಸೆದಳು. ಈ ಸಲದ ಪಂದ್ಯಕ್ಕೆ ಕರೆ ಬಂದಾಗ, “ನಾನಿನ್ನು ಆಡಲ್ಲಪ್ಪ. ನಂಗೆ ಯಾರು ಕೂಗ್ತಾರೆ?” ಅಂದಳು. ಬೀರು ಸರಿಸಿ ನಿನ್ನ ಪೊರಕೆ ತೆಗೆದುಕೊಟ್ಟೆ. ಅದರ ಹಿಡಿಯನ್ನು ಸವರುತ್ತಾ, “ಇದೊಂದೇ ಸಲ. ನೀನೂ ಬರ್ಬೇಕು” ಅಂದಳು. ಒಬ್ಬಳು ಹೊಳೆಗೆ ಹೋದಳು, ಇನ್ನೊಬ್ಬಳ ಆಟವೂ ಹೋಗಿಬಿಟ್ಟರೆ ಮನೆಯಲ್ಲಿ ಉಳಿಯುವುದಾದರೂ ಏನು ಎಂದುಕೊಂಡೇ ನಾನು ಹೊರಟೆ.

ಕಾಶ್ಮೀರದಲ್ಲಿ ನಿನ್ನ ಜಾಗದಲ್ಲಿ ಕರಾವಳಿಯ ಹುಡುಗಿಯೊಬ್ಬಳು ನಿಂತಿದ್ದಳು. ಒಳ್ಳೆಯ ಮಗು. “ಉಜ್ಜು ಮಾರಾಯ್ತಿ, ಉಜ್ಜು!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಪ್ರತಿ ಸಲವೂ ಕುಸುಮಳ ಕೈ ಒಂದು ಗಳಿಗೆ ತಡ. ಕೊನೆಯ ಕಲ್ಲು ಬಿಟ್ಟಾಗಲಂತೂ ಅವಳು ಉಜ್ಜುವುದನ್ನೇ ಬಿಟ್ಟು, ಪೊರಕೆ ಊರಿಕೊಂಡು ನಿಂತುಬಿಟ್ಟಳು. ನೀನು ನಿಲ್ಲುತ್ತಿದ್ದ ಕಡೆಯೇ ನೋಡುತ್ತಿದ್ದಳು. ಕಲ್ಲು ಅವಳನ್ನು ದಾಟಿ ಹೋಗುತ್ತಿತ್ತು. ಆಗ ಯಾರೋ “ಉಜ್ಜಮ್ಮೀ!” ಎಂದು ಕಿರುಚಿದರು. ನಾನೇ. ಆ ರಾಗ ನನಗೆ ಎಲ್ಲಿಂದ ಬಂತು, ನೀನೇನಾದರೂ...? ಕುಸುಮ ಬೆಚ್ಚಿ, ಬಾಗಿ, ಓಡಿ ಉಜ್ಜಿದಳು ನೋಡು! ನಾನೂ ಕೂಗುತ್ತಾ ಅಡ್ಡಹಲಗೆ ದಾಟಿ ಮಂಜಿನ ಮೇಲೆ ಕಾಲಿಟ್ಟು, ಕಲ್ಲಿಗಿಂತ ಚೆನ್ನಾಗಿ ಜಾರಿ, ದೊಪ್ಪೆಂದು ಬಿದ್ದೆ.

ಸೋತೆವು ಮಗಳೇ. ಕಲ್ಲು ಗುರಿಗೆ ಒಂದು ಗೇಣು ಮೊದಲೇ ನಿಂತಿತು. ಆದರೆ ವಾಪಸ್ಸು ಬರುವಾಗ ರೈಲಿನ ಕಿಟಕಿಗೆ ತಲೆಯಾನಿಸಿಕೊಂಡು ನಿನ್ನ ತಂಗಿ ಹೇಳಿದಳು: “ಮುಂದಿನ್ ಸಲ ಅಕ್ಕನ್ ಜಾಗುದಲ್ಲಿ ನಾನ್ ನಿಂತ್ಕೋತೀನಪ್ಪ. ಅವ್ಳಂಗೇ ಕೂಗ್ತೀನಿ.” ಈ ಆಷಾಢಕ್ಕೆ ಛತ್ರ ಕೇಳಿಟ್ಟಿದ್ದೇನೆ. ಕರಾವಳಿಯ ಹುಡುಗಿಯೂ ಬರುತ್ತಾಳೆ, ‘ಬುಡಮ್ಮೀ’ ಅಂದರೆ ಬಿಡುವುದನ್ನು ಕಲಿಯಲು. ಬಾಗಿಲಿಗೆ ಒರಗಿಸಿದ್ದ ಪೊರಕೆಯನ್ನು ಅಜ್ಜಿ ನೋಡಿಯೇ ಬಿಟ್ಟಳು. ಬೈಯಲಿಲ್ಲ. “ಒಳೀಕ್ ಮಡುಗ್ಲಾ, ಮಳೇಲಿ ನೆಂದಾತು” ಅಂದಳು, ಅಷ್ಟೇ.

ಇನ್ನು ನಾನು ಬಿದ್ದ ವಿಷಯ. ಅಷ್ಟು ಜನರ ನಡುವೆ, ಮಂಜಿನ ಮೇಲೆ ಕುಕ್ಕರಿಸಿಕೊಂಡು, ನಿನ್ನಪ್ಪ ಬಾಯಿಬಿಟ್ಟು ಗೋಳೋ ಎಂದು ಅತ್ತುಬಿಟ್ಟ. ಸೊಂಟ ಮುರಿದಿದೆಯೆಂದುಕೊಂಡು ಎರಡೂ ಕಡೆಯ ಆಟಗಾರ್ತಿಯರು ಓಡಿಬಂದರು, ಎತ್ತಿ ಕೂರಿಸಿದರು, ಯಾರೋ ಮುಲಾಮು ತಂದರು. ಊರಿಗೆ ಬಂದ ಮೇಲೂ ಕೋಲು ಹಿಡಿದು ಕುಂಟುತ್ತಿದ್ದೇನೆ. ನಿಮ್ಮವ್ವ ದಿನಾ ಬಿಸಿನೀರಿನ ಶಾಖ ಕೊಡುತ್ತಾಳೆ.

ಸೊಂಟಕ್ಕೆ ಏನೂ ಆಗಿಲ್ಲ ಕಣೇ.