ಅಮ್ಮನ ಶಾಲಿನ ತೂಕ

ಮನೆಯಿಂದ,
ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮಂಡಿನೋವು ಇಳಿಯಿತೇ? ನಿನ್ನ ಯಜಮಾನರ ಕೆಮ್ಮು ಹೇಗಿದೆ? ನಿಮ್ಮಿಬ್ಬರನ್ನೂ ಚೆನ್ನಾಗಿಡಪ್ಪಾ ಎಂದು ದೇವರನ್ನು ದಿನಾ ಬೇಡುತ್ತೇನೆ, ನೀನು ನಕ್ಕರೂ ಸರಿ.

ಅಮ್ಮನ ಮನೆ ಖಾಲಿ ಮಾಡಿ ಬಂದೆ. ಬೈಯಲು ಬರೆಯುತ್ತಿಲ್ಲ ಕಣೇ. ನಿನ್ನ ಮದುವೆಗೆ ಅವಳು ಬರಲಿಲ್ಲ, ಅವಳ ಸಾವಿಗೆ ನೀನು ಬರಲಿಲ್ಲ; ಇಬ್ಬರದೂ ಒಂದೇ ಅಚ್ಚು. ಆದರೆ ಕೊನೆಗೊನೆಗೆ ಅವಳದು ಒಂದೇ ಮಾತು: "ಚಿಕ್ಕವಳ ಮನೇಗೆ ಕರ್ಕೊಂಡು ಹೋಗೇ." ಸೊಂಟ ಮುರಿದ ಮೇಲೆ ನನ್ನ ಹೆಗಲು ಹಿಡಿಯದೆ ಬಚ್ಚಲಿಗೂ ಹೋಗಲಾರದವಳು ವಿಮಾನ ಹತ್ತುವ ಮಾತಾಡುತ್ತಿದ್ದಳು! ಅವಳ ಬೂದು ಶಾಲನ್ನು ನಿನಗೆಂದು ಎತ್ತಿಕೊಂಡೆ.

ನಾನು ವಾಪಸ್ಸು ಬರುವ ವಿಮಾನದೊಳಗೆ ಒಯ್ಯುವ ಚೀಲ ಏಳು ಕೆಜಿ ದಾಟಬಾರದು. ತಲೆಯ ಮೇಲಿನ ಗೂಡು ಅಷ್ಟೇ ತಾಳುವುದಂತೆ; ಹೆಚ್ಚಾದರೆ ಕೆಳಗೆ, ಸರಕಿನ ಜೊತೆ ಕತ್ತಲಲ್ಲಿ. ಅದಕ್ಕೇ ಅಮ್ಮನ ಮನೆಯಲ್ಲೇ ತೂಗಿದೆ. ಚೀಲ ಹಿಡಿದು ತೂಕದ ಯಂತ್ರದ ಮೇಲೆ ನಿಂತೆ, ಚೀಲ ಇಳಿಸಿ ಮತ್ತೆ ನಿಂತೆ, ಹಳ್ಳಿ ಶಾಲೆಯಲ್ಲಿ ಕಲಿತ ಹಾಗೆ ಕಳೆದೆ. ಆರೇ ಕೆಜಿ. ನನ್ನ ತೂಕ ಮಾತ್ರ ಏರಿತ್ತು. ದುಃಖದಲ್ಲೂ ಹೊಟ್ಟೆ ತುಂಬ ತಿಂದಿದ್ದೀಯಲ್ಲೇ ಎಂದು ನನ್ನನ್ನೇ ಬೈದುಕೊಂಡೆ.

ವಿಮಾನ ನಿಲ್ದಾಣದ ಮೊದಲ ಕೌಂಟರಿನಲ್ಲಿ ಯಾರೂ ತೂಕ ಕೇಳಲಿಲ್ಲ. ವಿಮಾನ ಹತ್ತುವ ಬಾಗಿಲಲ್ಲಿ ಮಾತ್ರ ಒಬ್ಬ ಹುಡುಗಿ ಕಬ್ಬಿಣದ ಚೌಕಟ್ಟು, ತೂಕದ ಯಂತ್ರ ಇಟ್ಟುಕೊಂಡು ಕಾಯುತ್ತಿದ್ದಳು. ಚೌಕಟ್ಟಿನೊಳಗೆ ಚೀಲ ಸಲೀಸಾಗಿ ಕೂತಿತು. ಯಂತ್ರ ಹದಿನೈದು ತೋರಿಸಿತು! ಸ್ವೆಟರ್ ತೆಗೆದು ತೊಟ್ಟೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಕೋಟು; ಸುತ್ತಿಟ್ಟ ಹಾಸಿಗೆಯ ಹಾಗೆ ನಿಂತೆ. ಹಿಂದಿನವರು ಮುಸಿಮುಸಿ ನಕ್ಕರು. ಉಳಿದದ್ದನ್ನೆಲ್ಲ ಪಕ್ಕಕ್ಕೆ ತೆಗೆದಿಟ್ಟೆ. ಚೀಲದಲ್ಲಿ ಶಾಲೊಂದೇ ಉಳಿದರೂ ಹತ್ತು ಕೆಜಿ. ಹುಡುಗಿ ಚೀಲವನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದಳು, ಮತ್ತೆ ಇಟ್ಟಳು. ಆಮೇಲೆ ನನ್ನ ಹೆಗಲಾಚೆ ನೋಡುತ್ತ, "ಅಮ್ಮಾ, ನಿಮ್ಮ ಜೊತೆಗಿರೋ ಅಜ್ಜಿಗೆ ಸ್ವಲ್ಪ ಹೇಳಿ, ಮಷೀನ್ ಮೇಲಿಂದ ಕೈ ತೆಗೀಲಿ" ಎಂದಳು.

ತಿರುಗಿದೆ. ನಕ್ಕವರು ದೂರದಲ್ಲಿದ್ದರು. ನಡುವೆ ಯಾರೂ ಇರಲಿಲ್ಲ.

ದೇವರನ್ನು ನೆನೆದು ಮೆಲ್ಲಗೆ, "ಅಮ್ಮಾ, ನನ್ನ ಹೆಗಲು ಹಿಡ್ಕೋ" ಎಂದೆ. ಯಂತ್ರ ಸರಕ್ಕನೆ ಒಂದಕ್ಕೆ ಇಳಿಯಿತು. ಬಲಹೆಗಲು ಜಗ್ಗಿತು. ತೆಗೆದದ್ದನ್ನೆಲ್ಲ ಮತ್ತೆ ತುಂಬಿಸಿದಾಗ ಸರಿಯಾಗಿ ಆರು. "ಇಬ್ಬರೂ ನಿಧಾನವಾಗಿ ಹೋಗಿ" ಎನ್ನುತ್ತ ಹುಡುಗಿ ಒಂದೇ ಚೀಟಿ ಹರಿದಳು.

ಸೀಟಿನಲ್ಲಿ ಕೂತ ಮೇಲೆ ನನ್ನ ಲೆಕ್ಕದ ತಪ್ಪು ಹೊಳೆಯಿತು. ಚೀಲ ಹಿಡಿದು ನಿಂತಾಗಲೂ, ಇಳಿಸಿ ನಿಂತಾಗಲೂ ಅವಳು ನನ್ನ ಹೆಗಲು ಹಿಡಿದೇ ಇದ್ದಳು. ಕಳೆಯುವಾಗ ಅವಳೂ ಕಳೆದುಹೋದಳು.

ಇಲ್ಲಿಗೆ ಬಂದ ಮೇಲೂ ಆ ಭಾರ ಇಳಿದಿಲ್ಲ. ಊಟಕ್ಕೆ ಎದ್ದರೆ ಬಾಗಿಲ ಕಡೆಗೇ ಜಗ್ಗುತ್ತದೆ. ಅವಳಿಗೆ ಬೇಕಾದದ್ದು ನನ್ನ ಮನೆಯಲ್ಲ. ನೀನು ಅವಳನ್ನು ಒಳಗೆ ಸೇರಿಸುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ಆ ದೇವರು ನಿನ್ನ ಮನಸ್ಸು ಮೆತ್ತಗೆ ಮಾಡಲಿ. ಯಜಮಾನರಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ

ತಾ.ಕ.: ಇಷ್ಟು ಬರೆದಿಟ್ಟು ಹೋಗಿ ಶಾಲನ್ನು ನಿನಗೆ ಪಾರ್ಸಲ್ ಮಾಡಿ ಬಂದೆ. ಬಂದು ತೂಗಿಕೊಂಡರೆ ನನ್ನ ತೂಕ ಇಳಿದು ಮೊದಲಿನಷ್ಟೇ ಆಗಿತ್ತು. ಅಳು ಬಂತು. ಈ ಕಾಗದಕ್ಕಿಂತ ಪಾರ್ಸಲ್ ಮೊದಲೇ ಮುಟ್ಟಿರಬಹುದು. ಇದನ್ನು ಓದುವಾಗ ನಿನ್ನ ಹೆಗಲು ಭಾರವೆನಿಸಿದರೆ ಕೊಡವಬೇಡ ಗುಬ್ಬೀ. ನಿಧಾನವಾಗಿ ಏಳು; ಅವಳಿಗೆ ಸೊಂಟ ನೋವು.