ಶುಕ್ರವಾರದ ಪಾಯಿಂಟು

7 ಜುಲೈ 1995, ಶುಕ್ರವಾರ

ಮತ್ತೆ ಗಾಡಿಯ ಪಾಯಿಂಟು ಸುಟ್ಟಿದೆ, ಕಿಡಿ ಹಾರುತ್ತಿಲ್ಲ. ಬೆಳಿಗ್ಗೆ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ತಾಲ್ಲೂಕು ಕಚೇರಿಗೆ ನಡೆದೇ ಹೋದೆ.

ಸಂಜೆ ಮಸ್ತಾನಸಾಬ ಬಂದ. ಶುಕ್ರವಾರ ನಮಾಜು ಆದ ಮೇಲೆ ಅವನು ತನ್ನ ಆಟೋ ಎಲೆಕ್ಟ್ರಿಕ್ ಅಂಗಡಿ ತೆಗೆಯುವುದಿಲ್ಲ. ನಾನು ಕಚೇರಿಯಿಂದ ಬರುವ ಹೊತ್ತಿಗೆ ಗೇಟಿನ ಚಿಲಕ ಬಡಿಯುತ್ತಾನೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟು ಉಜ್ಜಿ, ಸಂದು ಸರಿ ಇದೆಯೇ ಎಂದು ಪೋಸ್ಟ್ ಕಾರ್ಡಿನ ತುಂಡು ತೂರಿಸಿ ನೋಡುತ್ತಾನೆ. ಇವತ್ತು ಹರಿದದ್ದು ಅಕ್ಕನ ಹಳೆಯ ಕಾರ್ಡು. 'ಊಟ ಸರಿಯಾಗಿ ಮಾಡು' ಎಂಬ ಸಾಲು ಎಂಜಿನ್ನಿಗೆ ಹೋಯಿತು.

"ಈ ಫಿಯೆಟ್ ಮಾರ್‍ರಿ ಸಾಹೇಬ್ರ. ವಾರಕ್ಕೊಮ್ಮೆ ಇದರ ಹಣೇಬರ ಇಷ್ಟ."

"ನೀ ಅದೀಯಲ್ಲ ಮಸ್ತಾನಭಾಯ್."

ನಕ್ಕ. ಚಹಾ ಬಸಿಗೆ ಹೊಯ್ದುಕೊಂಡು ಸೊರ್ ಎಂದು ಕುಡಿದ. ಇನ್ನೊಂದು ಕೇಳಿದ.

16 ಜುಲೈ, ಭಾನುವಾರ

ಏನೂ ಇಲ್ಲ. ಬಟ್ಟೆ ಒಗೆದೆ. ಅನ್ನ ಉಳಿಯಿತು.

ಅಕ್ಕ ಗದ್ದೆಮ್ಮ ಮಗಳ ಕೂಸನ್ನು ನೋಡಿಕೊಳ್ಳಲು ಗುಲ್ಬರ್ಗಾಕ್ಕೆ ಹೋದ ಮೇಲೆ ಈ ಮನೆಯಲ್ಲಿ ಮಾತು ನಿಂತಿದೆ. ಸಿಂಧನೂರಿನ ಈ ಓಣಿಗೆ ಬಂದು ಆರು ವರ್ಷ. ನಮಸ್ಕಾರಕ್ಕೆ ಕೊರತೆ ಇಲ್ಲ. ಅರ್ಜಿ ಬರೆಸಲು ಬರುತ್ತಾರೆ, ಬಾಗಿಲಲ್ಲೇ ನಿಲ್ಲುತ್ತಾರೆ. ಒಳಗೆ ಬುದ್ಧನ ಪಟ ಕಾಣುತ್ತದೆ. ಚಹಾ ಎಂದರೆ "ಈಗ ಆತ್ರಿ" ಎನ್ನುತ್ತಾರೆ. ಎಲ್ಲರಿಗೂ ಈಗಷ್ಟೇ ಆಗಿರುತ್ತದೆ! ಸಿಟ್ಟು ಬರುತ್ತದೆ. ಬಂದು ಏನು ಮಾಡುವುದು.

ನಮ್ಮ ಮನೆಯ ಲೋಟ ಮುಟ್ಟುವವನು ಮಸ್ತಾನಸಾಬ ಒಬ್ಬನೇ. ಅವನೂ ಬರುವುದು ಗಾಡಿಗಾಗಿ.

20 ಜುಲೈ, ಗುರುವಾರ

ಹೈದರಾಬಾದಿನಿಂದ ಪಾರ್ಸಲ್. ಅಕ್ಕನ ಮಗ ಕಳಿಸಿದ್ದಾನೆ. ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಎರಡು ವೈರು, ಒಂದು ಕೆಂಪು, ಒಂದು ಕಪ್ಪು. ಇದನ್ನು ಕೂಡಿಸಿದರೆ ಪಾಯಿಂಟೇ ಬೇಡವಂತೆ. ಉಜ್ಜುವುದು, ಸಂದು ನೋಡುವುದು ಯಾವುದೂ ಇಲ್ಲ.

ಖುಷಿಯಾಯಿತು. ಆಮೇಲೆ ಲೆಕ್ಕ ಹೊಳೆಯಿತು. ಪಾಯಿಂಟು ಹೋದರೆ ಶುಕ್ರವಾರವೂ ಹೋಗುತ್ತದೆ.

21 ಜುಲೈ, ಶುಕ್ರವಾರ

ಕೂಡಿಸಿದ. ಮಸ್ತಾನಸಾಬ ಕೆಂಪು ವೈರನ್ನು ಕಿಡಿ ಹುಟ್ಟಿಸುವ ಕಾಯಿಲಿಗೇ ಕೊಟ್ಟ. "ಕರೆಂಟ್ ಇಲ್ಲೇ ಐತಲ್ರಿ, ಮತ್ತೆಲ್ಲಿಂದ ಎಳೀಬೇಕು?"

ಕೀ ತಿರುಗಿಸಿದರೆ ಗಾಡಿ ಶುರು. ಕೀ ಬಿಟ್ಟ ಕೂಡಲೇ ಬಂದ್. ಹತ್ತು ಸಲವೂ ಅದೇ ಆಟ. ಬ್ರೇಕ್ ಲೈಟಿನ ಬಲ್ಬಿಗೆ ವೈರು ಕಟ್ಟಿ ಕಾಯಿಲಿಗೆ ಹಿಡಿದ. ಉರಿಯಿತು. ತಲೆ ಕೆರೆದುಕೊಂಡ.

"ನಾಳೆ ಬರ್ತೀನಿ ಸಾಹೇಬ್ರ. ಇದನ್ನ ಬಿಡಂಗಿಲ್ಲ ನಾ."

ನಾಳೆ! ಶನಿವಾರ! ಮುಖದ ಮೇಲೆ ನಗು ಬಾರದಂತೆ ನೋಡಿಕೊಂಡೆ.

23 ಜುಲೈ, ಭಾನುವಾರ

ಎಸ್‌ಟಿಡಿ ಬೂತಿನಿಂದ ಅಕ್ಕನ ಮಗನಿಗೆ ಫೋನ್ ಮಾಡಿದೆ. ನಿನ್ನೆ ಬಂದಾಗಲೂ ಮಸ್ತಾನಸಾಬನ ಕೈಗೆ ದೋಷ ಸಿಗಲಿಲ್ಲ ಎಂದೆ. ಅವನು ಕೇಳಿದ್ದು ಒಂದೇ. "ಮಾಮಾ, ಕಾಯಿಲ್ ಬಾಜೂಕ ಬಿಳೀ ರೆಸಿಸ್ಟೆನ್ಸ್ ಐತೇನು? ಅದರಾಗ ಕರೆಂಟ್ ಕಮ್ಮಿ ಆಕ್ಕೈತಿ. ಕೆಂಪು ವೈರು ಸೀದಾ ಕೀ ಸ್ವಿಚ್ಚಿನಿಂದ ಎಳೀಬೇಕು."

ಮನೆಗೆ ಬಂದು ಬಾನೆಟ್ ಎತ್ತಿದೆ. ಇದೆ, ಬಿಳಿ ಪಿಂಗಾಣಿ ತುಂಡು. ಮಸ್ತಾನಸಾಬ ಬಿಟ್ಟುಹೋದ ಬಲ್ಬ್ ಹಿಡಿದೆ. ಕಾಯಿಲಿನ ಕಡೆ ಮಂಕು, ಸ್ವಿಚ್ಚಿನ ಕಡೆ ಕಣ್ಣು ಕುಕ್ಕುವ ಬೆಳಕು. ಕೀ ತಿರುಗಿಸಿ ಹಿಡಿದಷ್ಟು ಹೊತ್ತು ಮಾತ್ರ ಕಾಯಿಲಿಗೆ ಪೂರ್ತಿ ಕರೆಂಟು. ಬಿಟ್ಟರೆ ಕಿಟ್ಟಿನ ಪೆಟ್ಟಿಗೆಗೆ ಸಾಲುವುದಿಲ್ಲ.

ಗೊತ್ತಾಯಿತು. ಒಂದು ಮೊಳ ವೈರಿನ ಕೆಲಸ.

ಬಾನೆಟ್ ಮುಚ್ಚಿದೆ. ಶುಕ್ರವಾರ ಹೇಳಿದರಾಯಿತು.

28 ಜುಲೈ, ಶುಕ್ರವಾರ

ಹೇಳಲಿಲ್ಲ. ಮಸ್ತಾನಸಾಬ ಬ್ಯಾಟರಿ ಬದಲಿಸಿ ನೋಡಿದ. ಅರ್ಥಿಂಗ್ ವೈರು ಬಿಗಿ ಮಾಡಿದ. ತನ್ನ ಮಗಳು ಹಸೀನಾಬೀ ಮಸ್ಕಿಯಲ್ಲಿ ಗಂಡನ ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದನ್ನು ಮರೆತು ಬೈಸಿಕೊಂಡ ಕಥೆ ಹೇಳಿದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮೂರು ಸಲ ಚಹಾ.

1 ಆಗಸ್ಟ್

ಮಂಗಳವಾರವೂ ಬಂದ! ಮಂಡಕ್ಕಿ, ಮಿರ್ಚಿ ತಂದಿದ್ದ. ಗಾಡಿ ಹಾಗೇ ಇದೆ, ದೇವರ ದಯೆ.

14 ಆಗಸ್ಟ್, ಸೋಮವಾರ

ಎದುರು ಮನೆಯ ಅಮರಗುಂಡಪ್ಪ ಪಹಣಿ ಕೇಳಲು ಬಂದಿದ್ದ. ಬಾಗಿಲಲ್ಲೇ. ಗಾಡಿಯ ಕಡೆ ಗದ್ದ ಎತ್ತಿ ತೋರಿಸಿದ.

"ಮಸ್ತಾನಗ ಇದೊಂದು ಗಾಡಿ ಬಗೀಹರೀವಲ್ದಂತ. ಕೈ ಹೋಗೇತಿ ಅಂವಂದು. ನಮ್ಮ ಟ್ರ್ಯಾಕ್ಟರ್ ವೈರಿಂಗ್ ಬಸ್‌ಸ್ಟ್ಯಾಂಡ್ ಕಡೆ ಹೊಸ ಅಂಗಡಿಗೆ ಕೊಟ್ಟೆ. ರೈಸ್‌ಮಿಲ್ಲಿನವರೂ ಅಲ್ಲೇ ಹೊಂಟಾರ."

ಚಹಾ ಕೇಳಲಿಲ್ಲ ನಾನು. ಅವನು ಹೋದ ಮೇಲೆ ಕೂತಲ್ಲೇ ಕೂತೆ. ಮಸ್ತಾನಸಾಬನ ಅನ್ನಕ್ಕೆ ಕಲ್ಲು ಹಾಕಿದೆ. ನಾಲ್ಕು ಲೋಟ ಚಹಾದ ಆಸೆಗೆ.

18 ಆಗಸ್ಟ್, ಶುಕ್ರವಾರ

ಹೇಳಿದೆ. ಚಹಾ ಮಾಡಿಟ್ಟು, ಅವನು ಬಾನೆಟ್ ಎತ್ತುವ ಮೊದಲೇ. ಕೆಂಪು ವೈರು ಬಿಚ್ಚಿ ಸ್ವಿಚ್ಚಿನಿಂದ ಎಳೆದ. ಕೀ ತಿರುಗಿಸಿದೆ. ಬಿಟ್ಟೆ. ಗಾಡಿ ನಿಲ್ಲಲಿಲ್ಲ. ಇಷ್ಟು ಸಣ್ಣ ಸದ್ದಿನಲ್ಲಿ ಅದು ಯಾವತ್ತೂ ಓಡಿದ್ದಿಲ್ಲ.

"ವಾಹ್!" ಎಂದ. ಆಮೇಲೆ ನನ್ನ ಕಡೆ ನೋಡಿದ. "ಯಾವಾಗ ಗೊತ್ತಾತ್ರಿ ಇದು?"

"ಕೂಡಿಸಿದ ಮೂರನೇ ದಿನಾನ."

ಕೈ ಒರೆಸಿಕೊಂಡ. ಎಷ್ಟೋ ಹೊತ್ತು ಒರೆಸಿಕೊಂಡ.

"ಬಾಜಾರದಾಗ ನನ್ನ ಹೆಸರು ಹೊಂಟಿತ್ತು ಸಾಹೇಬ್ರ. ಗಿರಾಕಿ ಮಕಾ ನೋಡಿ ನಗಾಕತ್ತಿದ್ರು. ನೀವು ಚಾ ಕಾಸ್ಕೋತ ಕುಂತಿದ್ರಿ."

ನೀನು ಬರಲಿ ಅಂತ, ಎನ್ನಬೇಕೆಂದೆ. ಅಷ್ಟರಲ್ಲಿ ಅವನು ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ. ಬಲ್ಬನ್ನೂ ಒಯ್ದ. ಚಹಾ ಮುಟ್ಟಲಿಲ್ಲ. ಕೆನೆ ಕಟ್ಟಿದ ಲೋಟ ಕಟ್ಟೆಯ ಮೇಲೆ ಇನ್ನೂ ಇದೆ. ತೊಳೆಯಲು ಮನಸ್ಸಾಗುತ್ತಿಲ್ಲ.

25 ಆಗಸ್ಟ್, ಶುಕ್ರವಾರ

ಬರಲಿಲ್ಲ.

ಗಾಡಿ ಮುಟ್ಟಿದರೆ ಶುರುವಾಗುತ್ತದೆ. ಹಾಳು ಗಾಡಿ. ಬಾನೆಟ್ ಎತ್ತಿ ಕೆಂಪು ವೈರಿನ ಮೇಲೆ ಕೈ ಇಟ್ಟೆ. ಎಳೆದರೆ ಕೆಟ್ಟಿತು, ಕೆಟ್ಟರೆ ಕರೆಯಬಹುದು… ಛೆ. ನಾಚಿಕೆಯಾಯಿತು. ಬಿಟ್ಟೆ.

27 ಆಗಸ್ಟ್, ಭಾನುವಾರ

ಗಾಡಿಯಲ್ಲೇ ಹೋದೆ ಅವನ ಅಂಗಡಿಗೆ. ನಾಲ್ಕು ಜನ ಇದ್ದರು, ಹರಟೆಗೆ ಬಂದ ಅಮರಗುಂಡಪ್ಪನೂ. ಮಸ್ತಾನಸಾಬ ಡೈನಮೋ ಬಿಚ್ಚಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ.

ಎಂಜಿನ್ ಬಂದ್ ಮಾಡದೆ ಇಳಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ. "ಗಾಡಿ ಮಸ್ತಾನಭಾಯ್ ಸರಿ ಮಾಡ್ಯಾನ. ತಡ ಆಗಿದ್ದು ಅಂವಂದು ತಪ್ಪಲ್ಲ. ವೈರು ಎಲ್ಲಿಂದ ಎಳೀಬೇಕಂತ ನನಗ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕ್ರಿ ಅಂಬಪ್ಪನವರ?" ಅಮರಗುಂಡಪ್ಪನೇ ಕೇಳಿದ.

"ನಮ್ಮ ಮನ್ಯಾಗ ಚಾ ಕುಡಿಯಾವ ಅಂವೊಬ್ಬನ ಅದಾನ. ಅದಕ್ಕ."

ಅಮರಗುಂಡಪ್ಪ ಚಪ್ಪಲಿ ನೋಡಿಕೊಂಡ. ಫಿಯೆಟ್ ಒಂದೇ ಸದ್ದಿನಲ್ಲಿ ಓಡುತ್ತಿತ್ತು.

ಮಸ್ತಾನಸಾಬ ಡೈನಮೋದಿಂದ ಕಣ್ಣು ತೆಗೆಯದೆ ಅಂದ. "ಎಂಜಿನ್ ಬಂದ್ ಮಾಡ್ರಿ. ಪೆಟ್ರೋಲ್ ಸುಮ್ನ ಉರಿಯಾಕತ್ತೈತಿ."

ಅಷ್ಟೇ. ಬಂದ್ ಮಾಡಿದೆ, ಸ್ವಲ್ಪ ನಿಂತೆ, ಮತ್ತೆ ಶುರು ಮಾಡಿಕೊಂಡು ಮನೆಗೆ ಬಂದೆ.

1 ಸೆಪ್ಟೆಂಬರ್, ಶುಕ್ರವಾರ, ಸಂಜೆ ಆರು

ಇಡೀ ವಾರ ಗಾಡಿ ಒಮ್ಮೆಯೂ ಕೈಕೊಡಲಿಲ್ಲ. ಕಾಲುವೆಗೆ ನೀರು ಬಂದಿದೆ, ತುರ್ವಿಹಾಳದ ಕಡೆ ನಾಟಿ ಜೋರು. ಕಚೇರಿಯಲ್ಲಿ ಅರ್ಧ ಜನ ರಜೆ. ಅಕ್ಕನಿಗೆ ಕಾರ್ಡು ಬರೆಯಬೇಕು. ಗಾಡಿ ಸರಿಯಾಯಿತು ಎಂದು ಬರೆಯಬಹುದು. ಮಿಕ್ಕದ್ದು ಏನು ಬರೆಯಲಿ.

ಒಲೆಯ ಮೇಲೆ ಹಾಲು ಇಟ್ಟಿದ್ದೇನೆ. ಕೈ ರೂಢಿಯಂತೆ ಎರಡು ಲೋಟ ಚಹಾಕ್ಕಾಗುವಷ್ಟು ಹೊಯ್ದಿದೆ. ಹೋಗಲಿ, ಉಳಿದದ್ದಕ್ಕೆ ರಾತ್ರಿ ಹೆಪ್ಪು ಹಾಕಿದರಾಯಿತು.

ಗೇಟಿನ ಚಿಲಕ.

ಗಾಡಿಗೆ ಏನೂ ಆಗಿಲ್ಲವಲ್ಲ. ನಾನು ಕರೆದೂ ಇಲ್ಲ. ಮತ್ತೆ ಬಡಿಯುತ್ತಿದ್ದಾನೆ, ಹಾಲು ಉಕ್ಕು—